ಮೊಣಕೈ ಆಳದ ಮಣ್ಣು

ಅಕ್ಟೋಬರ್ ಏಳರ ಮುಂಜಾನೆ ಎಂಟೂವರೆಗೆ ಅಸುಂಡಿಯ ಮುದಕಪ್ಪ ಠಾಣೆಯ ಮೆಟ್ಟಿಲು ಹತ್ತಿದ. ಅರವತ್ತರ ಆಸುಪಾಸಿನ ರೈತ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಎರೆ ಮಣ್ಣು ಮೀನಖಂಡದ ತನಕ ಮೆತ್ತಿಕೊಂಡಿತ್ತು. ಪಿಎಸ್‌ಐ ವಾಣಿಶ್ರೀ ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ನನ್ನ ಮಗನ ಕುಣಿ ಕೆದರ್ಯಾರ್ರಿ ಮೇಡಮ್ಮಾರ," ಎಂದ.

ಮಗ ಮುತ್ತಣ್ಣ ನಾಲ್ಕು ತಿಂಗಳ ಹಿಂದೆ ಬಿತ್ತನೆ ಬೀಜ ತರಲು ಲಕ್ಷ್ಮೇಶ್ವರಕ್ಕೆ ಹೊರಟಿದ್ದ. ದಾರಿಯಲ್ಲಿ ಲಾರಿ ಬಡಿದು ಜಾಗದಲ್ಲೇ ಹೋದ. ಮುಂಜಾನೆ ರೊಟ್ಟಿ ತಿಂದು ಹೋದವನನ್ನು ಸಂಜೆಗೆ ಸ್ವಂತ ಹೊಲದಲ್ಲಿ ಮಣ್ಣು ಮಾಡಿದ್ದರು. ಅಂದಿನಿಂದ ಮುದಕಪ್ಪ ದಿನಾ ಬೆಳಗ್ಗೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. ಇವತ್ತು ಹೋದಾಗ ಮಣ್ಣು ಕದಲಿದ್ದು ಕಂಡಿತ್ತು.

"ಯಾರ ಮ್ಯಾಲೆ ಸಂಶೆ ಐತಿ?"

"ಬಾಜೂ ಹೊಲದ ಕಳಕಪ್ಪ. ಬದುವಿನ ಸಲುವಾಗಿ ನಮಗೂ ಅವಂಗೂ ಮಾತಿಲ್ಲ. ಮಾಟಾ ಮಾಡ್ಸಾಕ ಎಲುಬು ಒಯ್ತಾರಂತ. ಹರೇದ ಹುಡುಗನ್ವಾದ್ರ ಭಾಳ ನಡೀತಾವಂತ."

ವಾಣಿಶ್ರೀ ದೂರು ಬರೆಸಿಕೊಂಡು, ಸಮಾಧಿ ಸ್ಥಳದ ಅತಿಕ್ರಮಣಕ್ಕಾಗಿ ಭಾರತೀಯ ನ್ಯಾಯ ಸಂಹಿತೆಯ ಕಲಂ 301ರ ಅಡಿ ಎಫ್‌ಐಆರ್ ಹಾಕಿದಳು.

ಹೆಡ್ ಕಾನ್‌ಸ್ಟೆಬಲ್ ಚನ್ನಬಸವಣ್ಣನಿಗೆ ಅಷ್ಟೇ ಸಾಕಿತ್ತು. ಮೊದಲು ಹಿಡಿದು ತರುವುದು, ಆಮೇಲೆ ಯಾಕೆ ತಂದೆವೆಂದು ವಿಚಾರ ಮಾಡುವುದು ಅವನ ಸರ್ವಿಸಿನ ರೂಢಿ. "ಕಳಕಪ್ಪನ್ನ ಕರ್ಕೊಂಡ ಬರ್ಲೇನ್ರಿ ಮೇಡಂ?" ಎಂದು ಕೇಳುವಷ್ಟರಲ್ಲಿ ಜೀಪಿನ ಕೀಲಿ ಅವನ ಕೈಯಲ್ಲಿತ್ತು.

"ಕರ್ಕೊಂಡ ಬಾ. ಕೈ ಮಾತ್ರ ಎತ್ತಬ್ಯಾಡ."

ಸಮಾಧಿ ತೆಗೆಯಬೇಕಾದರೆ ತಹಶೀಲ್ದಾರರು ಎದುರಿರಬೇಕು. ಅವರು ಬರುವ ಹೊತ್ತಿಗೆ ಹನ್ನೊಂದೂವರೆ. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಹೆಸರು ಬೆಳೆ ಕಿತ್ತ ಹೊಲ, ಬೇವಿನ ಗಿಡ, ಅದರ ಮಗ್ಗುಲಿಗೆ ಮಣ್ಣಿನ ದಿಬ್ಬ. ದಿಬ್ಬದ ಒಂದೇ ಕಡೆ, ಊಟದ ಗಂಗಾಳದಷ್ಟು ಜಾಗ ಅಗೆದು ಮುಚ್ಚಿದ್ದರು. ಮುಚ್ಚಿದ ಮೇಲೆ ಸಗಣಿಯಿಂದ ಸಾರಿಸಿದ್ದರು. ಅಂಗೈಯ ಗುರುತು ಇನ್ನೂ ಹಾಗೇ ಇತ್ತು.

ವಾಣಿಶ್ರೀ ಅದನ್ನೇ ನೋಡುತ್ತ ನಿಂತಳು. ಎಲುಬು ಕದಿಯಲು ಬಂದವನು ನೆಲ ಸಾರಿಸಿ ಹೋಗುತ್ತಾನೆಯೇ?

"ಯಜಮಾನ್ರ, ಮಗನ್ನ ಯಾವ ದಿಕ್ಕಿಗೆ ಮಾರಿ ಮಾಡಿ ಕುಂಡ್ರಿಸೀರಿ?"

"ಮೂಡಲಕ್ಕ."

ಅಗೆದದ್ದೂ ಮೂಡಣಕ್ಕೇ, ಸಮಾಧಿಯೊಳಗೆ ಕೂತವನ ಮಡಿಲಿನ ನೇರಕ್ಕೆ. ಅವತ್ತು ಮಣ್ಣಿಗೆ ಬಂದವರಿಗಲ್ಲದೆ ಬೇರೆಯವರಿಗೆ ಅದು ತಿಳಿಯುವಂತಿರಲಿಲ್ಲ. ಮುದಕಪ್ಪನನ್ನು ಬೇವಿನ ಗಿಡದ ಆಚೆ ನಿಲ್ಲಿಸಿ, ಸಲಿಕೆ ಬೇಡವೆಂದು ವಾಣಿಶ್ರೀ ತಾನೇ ಕೈಯಿಂದ ಸಡಿಲ ಮಣ್ಣು ತೆಗೆದಳು. ಮೊಣಕೈ ಆಳದಲ್ಲಿ ಬಟ್ಟೆಯ ಸಣ್ಣ ಗಂಟು ಸಿಕ್ಕಿತು. ಅದರ ಕೆಳಗಿನ ಮಣ್ಣು ಗಟ್ಟಿ, ಯಾರೂ ಮುಟ್ಟಿರಲಿಲ್ಲ. ಗಂಟಿನಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ.

ತಹಶೀಲ್ದಾರರು ಹುಬ್ಬೇರಿಸಿದರು. ಯಾರೂ ಏನನ್ನೂ ಒಯ್ದಿರಲಿಲ್ಲ, ಇಟ್ಟು ಹೋಗಿದ್ದರು. ವಾಣಿಶ್ರೀಯ ಮನೆಯಲ್ಲೂ ಲಿಂಗ ಕಟ್ಟುವವರೇ. ಹುಟ್ಟಿದ ಕೂಸಿಗೆ ಕಟ್ಟಿದ್ದನ್ನು ಕೊನೆಗೆ ಅಂಗೈಯಲ್ಲಿಟ್ಟುಕೊಂಡೇ ಮಣ್ಣಿಗೆ ಹೋಗಬೇಕು. ಅವಳು ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಗಿಡದ ಕಡೆ ನಡೆದಳು.

"ಮಣ್ಣು ಮಾಡುವಾಗ ಅವನ ಕೈಯಾಗ ಲಿಂಗ ಇತ್ತೇನ್ರಿ?"

ಮುದಕಪ್ಪ ನೆಲ ನೋಡಿದ. "ಮಣ್ಣು ಮಾಡ್ಸಾಕ ಬಂದ ಅಯ್ಯನವರು ಕೇಳಿದ್ರು. ಐತಿ ಅಂದ್ನಿ."

"ನೋಡಿದ್ರೇನು?"

"ಆಸ್ಪತ್ರಿಯಾಗ ಬಿಳಿ ಅರಿವಿ ಸುತ್ತಿ ಕೊಟ್ಟಿದ್ರು. ಯಾರೂ ಬಿಚ್ಚಲಿಲ್ಲ." ಆಮೇಲೆ, ಯಾರೋ ಎದುರು ವಾದಿಸಿದ ಹಾಗೆ, "ಒಳಗ ಐತ್ರಿ," ಎಂದ.

ವಾಣಿಶ್ರೀ ಮುಷ್ಟಿ ತೆರೆಯದೆ ಪಂಚನಾಮೆಗೆ ಮರಳಿದಳು.

ಎರಡು ಗಂಟೆಗೆ ಚನ್ನಬಸವಣ್ಣ ಕಳಕಪ್ಪನನ್ನು ಲಕ್ಷ್ಮೇಶ್ವರದಿಂದ ಕರೆತಂದು ಠಾಣೆಯಲ್ಲಿ ಕೂಡಿಸಿದ್ದ. ಅವನು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಹೋದವನು ವಾರದಿಂದ ಅಲ್ಲೇ ಇದ್ದ. ಬೀಗರೆಲ್ಲ ಸಾಕ್ಷಿ. "ಬದುವಿನ ಜಗಳ ಖರೆ ಐತ್ರಿ," ಎಂದ ಕಳಕಪ್ಪ. "ಆದ್ರ ಆ ಹುಡುಗನ ಮಣ್ಣಿಗೆ ಹೆಗಲ ಕೊಟ್ಟಾಂವ ನಾ. ಅವರಪ್ಪಗ ಇದನ್ನ ಹ್ಯಾಂಗ ಅನ್ನಾಕ ಮನಸ್ಸು ಬಂತು?" ಬೀಗರ ಮನೆಯಿಂದ ಪೊಲೀಸ್ ಜೀಪಿನಲ್ಲಿ ಬಂದ ಅವಮಾನ ಅವನ ಮುಖದ ಮೇಲೇ ಇತ್ತು.

ಮೂರು ಗಂಟೆಗೆ ವಾಣಿಶ್ರೀ ಒಬ್ಬಳೇ ಮುದಕಪ್ಪನ ಮನೆಗೆ ಹೋದಳು. ಅವನು ಹೊಲದಿಂದ ಬಂದಿರಲಿಲ್ಲ. ಹೆಂಡತಿ ಸುಮಿತ್ರವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ದನದ ಮನೆ ಹೊಸದಾಗಿ ಸಾರಿಸಿತ್ತು. ಮಹಾನವಮಿ ಬಂದರೂ ಈ ವರ್ಷ ಈ ಮನೆಗೆ ಹಬ್ಬವಿಲ್ಲ, ಸ್ವಚ್ಛ ಮಾಡುವ ಕೆಲಸ ಮಾತ್ರ ತಪ್ಪಿರಲಿಲ್ಲ.

"ಕಳಕಪ್ಪನ್ನ ತಂದು ಕುಂಡ್ರಿಸೇವ್ರಿ," ಎಂದಳು ವಾಣಿಶ್ರೀ.

ಮೊರ ನಿಂತಿತು. "ಅವನ್ನ ಬಿಡ್ರಿ. ನಾನ ಮಾಡೀನಿ."

"ಯಾಕ ಯವ್ವಾ?"

"ಆಸ್ಪತ್ರಿಯವರು ಅವನ ಅರಿವಿ ಚೀಲದಾಗ ಹಾಕಿ ಕೊಟ್ಟಿದ್ರು. ಯಾರೋ ತಂದು ದನದ ಮನಿ ತೊಲಿಗೆ ತೂಗ ಹಾಕಿದ್ರು. ರಗತದ ಅರಿವಿ, ಬಿಚ್ಚಾಕ ಯಾರಿಗೆ ಧೈರ್ಯ ಇತ್ತು? ಹಬ್ಬದ ಕಸಾ ತಗೀಬೇಕಾದ್ರ ಇಳಿಸಿದ್ನಿ. ಅಂಗಿಯೊಳಗ ಕರಡಿಗಿ ಇತ್ತು." ಸುಮಿತ್ರವ್ವ ಅಳುತ್ತಿರಲಿಲ್ಲ. ಅಳು ಮುಗಿದುಹೋದವರ ದನಿ ಅದು. "ನನ್ನ ಮಗ ಬರೇ ಕೈಲೆ ಹೋಗ್ಯಾನ. ನಿನ್ನಿ ಮಧ್ಯಾಹ್ನ ಅವರು ಗದಗಿಗೆ ಹೋದಾಗ ಕುರ್ಪಿ ತಗೊಂಡು ಹ್ವಾದ್ನಿ. ಕೈ ಎಷ್ಟು ಹೋಗತೈತಿ ಅಷ್ಟು ಇಳಿಸಿದ್ನಿ. ಅವನ ಕೈ ಸಿಗಲಿಲ್ರಿ."

"ಯಜಮಾನ್ರಿಗೆ ಯಾಕ ಹೇಳಲಿಲ್ಲ?"

"ಐತಿ ಅಂದ ಬಾಯಿ ಅವರದು. ತಾನ ಮಗನ್ನ ಹಂಗ ಕಳಿಸೀನಿ ಅಂತ ತಿಳದ್ರ ಅವರು ಉಳಿಯಂಗಿಲ್ಲ. ನನ್ನ ಜೇಲಿಗೆ ಹಾಕ್ರಿ, ಹುಚ್ಚಿ ಅಂತ ಬರಕೋರಿ. ಅವರಿಗೆ ಇದೊಂದು ಹೇಳಬ್ಯಾಡ್ರಿ."

ಆದರೆ ಕಡತದಲ್ಲಿ ಸುಳ್ಳು ಬರೆಯಲು ಬರುವುದಿಲ್ಲ, ದೂರು ಕೊಟ್ಟವನು ಪ್ರತಿ ಕೇಳಿದರೆ ಕೊಡಲೇಬೇಕು. ನಾಲ್ಕೂವರೆಗೆ ಠಾಣೆಯಲ್ಲಿ ಸುಮಿತ್ರವ್ವನ ಬಂಧನ ದಾಖಲಾಯಿತು. ಜಾಮೀನು ಸಿಗುವ ಕಲಂ. ಕಳಕಪ್ಪನನ್ನು ಚನ್ನಬಸವಣ್ಣ ಚಹಾ ಕುಡಿಸಿ ಕಳಿಸಿಕೊಟ್ಟ. ಅವನ ಪಾಲಿಗೆ ಅದೇ ಕ್ಷಮೆ ಕೇಳಿದ ಹಾಗೆ.

ಐದಕ್ಕೆ ಮುದಕಪ್ಪ ಬಂದ. ಬೆಂಚಿನ ಮೇಲೆ ಹೆಂಡತಿಯನ್ನು ಕಂಡು ಬಾಗಿಲಲ್ಲೇ ನಿಂತ.

"ನಾನ ಕೆದರಿದ್ನಿ," ಎಂದಳು ಸುಮಿತ್ರವ್ವ ತಡಮಾಡದೆ. "ತಲಿ ಕೆಟ್ಟಿತ್ತು. ಮಗನ್ನ ನೋಡಬೇಕನಿಸ್ತು."

ಮುದಕಪ್ಪ ಅವಳನ್ನು ನೋಡಿದ, ವಾಣಿಶ್ರೀಯ ಮೇಜಿನ ಮೇಲಿದ್ದ ಬಟ್ಟೆಯ ಗಂಟನ್ನು ನೋಡಿದ. "ಅವನ ಲಿಂಗ ಸಿಕ್ಕಿತೇನ್ರಿ?"

ಸುಮಿತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಅವತ್ತ ನನಗ ಗೊತ್ತಿತ್ರಿ," ಎಂದ. "ಅಯ್ಯನವರು ಕೇಳಿದಾಗ ಅರಿವಿ ಮ್ಯಾಲಿಂದ ಎದಿ ಸವರಿದ್ನಿ. ಕೈಗೆ ಏನೂ ಹತ್ತಲಿಲ್ಲ. ಇಲ್ಲ ಅಂದಿದ್ರ ಬಿಚ್ಚತಿದ್ರು. ಇಕಿ ಬಾಜೂಕ ನಿಂತಿದ್ಲು. ಲಾರಿ ಹಾಯ್ದ ಮಾರಿ... ಹಡೆದಾಕಿ ಅದನ್ನ ನೋಡಬಾರದಿತ್ತು. ಅದಕ್ಕ ಐತಿ ಅಂದ್ನಿ. ದಿನಾ ಮುಂಜಾನೆ ಹೋಗಿ ಅವನ ಮುಂದ ತಪ್ಪಾತು ಅಂತ ಕುಂತ ಬರತಿದ್ನಿ."

ಮುದಕಪ್ಪ ಹೋಗಿ ಹೆಂಡತಿಯ ಪಕ್ಕ ಕೂತ. ನಾಲ್ಕು ತಿಂಗಳಿಂದ ಅವನು, ಹಬ್ಬದ ಕಸ ತೆಗೆದಂದಿನಿಂದ ಅವಳು, ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಕಾವಲು ಕಾದಿದ್ದರು.

ಆರೋಪಿಗೆ ಫಿರ್ಯಾದಿಯೇ ಜಾಮೀನಾಗಿ ನಿಂತದ್ದು ಚನ್ನಬಸವಣ್ಣನ ಸರ್ವಿಸಿನಲ್ಲಿ ಅದೇ ಮೊದಲು. ಮುದಕಪ್ಪ ಸಹಿ ಹಾಕಿದ ಮೇಲೆ ಚನ್ನಬಸವಣ್ಣ ಬೂಟು ಕಳಚಿಟ್ಟು, ಕರಡಿಗೆಯನ್ನು ಜಪ್ತಿ ವಸ್ತುಗಳನ್ನಿಡುವ ಮುದ್ದೆಮಾಲಿನ ಕಪಾಟಿನ ಮೇಲಿನ ಖಾನೆಯಲ್ಲಿ ಬೇರೆಯಾಗಿ ಇಟ್ಟ. ಅದನ್ನು ಮನೆಯವರಿಗೆ ಮರಳಿಸಲು ಕೋರ್ಟಿಗೆ, ಸಮಾಧಿ ತೆಗೆಯುವ ಅನುಮತಿಗೆ ತಹಶೀಲ್ದಾರರಿಗೆ ವಾಣಿಶ್ರೀ ಅಂದೇ ಬರೆದಳು. ಕಡತದಲ್ಲಿ ಕೃತ್ಯದ ಕಾರಣದ ಕಡೆ ಬಂದಾಗ ಪೆನ್ನು ಸ್ವಲ್ಪ ನಿಂತಿತು. ಆಮೇಲೆ ಬರೆದಳು: ಆರೋಪಿಯು ಏನನ್ನೂ ಕದ್ದಿರುವುದಿಲ್ಲ, ಮೃತನಿಗೆ ಸೇರಿದ್ದನ್ನು ಅವನಿಗೆ ತಲುಪಿಸಲು ಹೋಗಿರುತ್ತಾಳೆ.

ಹೊರಗೆ ಮೆಟ್ಟಿಲಿಳಿದ ಮುದಕಪ್ಪ ಮತ್ತೆ ಹಿಂದಿರುಗಿ ಬಂದ.

"ಕೋರ್ಟಿನವರು ಕೊಟ್ಟ ದಿನ ನನಗ ಹೇಳಿ ಕಳಸ್ರಿ ಮೇಡಮ್ಮಾರ. ಈ ಸಲ ನಾನ ಇಳೀತೀನಿ, ಅವನ ಕೈಯಾಗ ಇಟ್ಟು ಬರ್ತೀನಿ. ಇಕಿ ಮ್ಯಾಲೆ ನಿಂದರಲಿ."

"ನಾನೂ ನೋಡತೀನಿ," ಎಂದಳು ಸುಮಿತ್ರವ್ವ ಹಿಂದಿನಿಂದ. "ಹೆಂಗಿದ್ರೂ ನನ್ನ ಮಗನ ಮಾರಿ ಅದು."

ಮುದಕಪ್ಪ ಇಲ್ಲವೆನ್ನಲಿಲ್ಲ.