ಶರಣ್ಯಾಳಿಗೊಬ್ಬ ಸೋದರಮಾವ

"ಭಾನುವಾರ ನಮ್ ಶರಣ್ಯಾನ ನಿಮ್ಮ ತೊಡೆ ಮೇಲೆ ಕೂರಿಸ್ಕೊಳ್ತೀರಾ ಸರ್? ಸೋದರಮಾವನ ಸ್ಥಾನದಲ್ಲಿ..."

ಜ್ಯೋತಿಲಕ್ಷ್ಮಿ ಕೇಳಿದ್ದು ಇಷ್ಟೇ. ಪ್ರಸನ್ನ ಕುಮಾರನ ಬಾಯಿಗೆ ಹೋಗುತ್ತಿದ್ದ ತುತ್ತು ಡಬ್ಬಿಗೇ ವಾಪಸಾಯಿತು.

"ಅದೊಂದು ನನ್ನ ಕೈಲಿ ಆಗಲ್ಲ ಮೇಡಂ."

ಡಬ್ಬಿ ಮುಚ್ಚಿ ಅವನು ಸ್ಟಾಫ್ ರೂಮಿನಿಂದ ಹೊರಗೆ ನಡೆದ.

ಶಿರಾದ ಒಂದೇ ಶಾಲೆಯಲ್ಲಿ ಅವಳು ಹಿಂದಿ ಟೀಚರ್, ಅವನು ಇನ್ನೂ ಮದುವೆಯಾಗದ ಗಣಿತದ ಮೇಷ್ಟ್ರು. ಅವಳ ಗಂಡ ಅಪಘಾತದಲ್ಲಿ ತೀರಿಕೊಂಡಾಗ ಮಗಳು ಶರಣ್ಯಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಲ್ಲಿಂದೀಚೆಗೆ ಜ್ಯೋತಿಗೆ ಸ್ನೇಹಿತ ಅಂತ ಇದ್ದವನು ಇವನೊಬ್ಬನೇ.

ಮಗುವಿಗೆ ಜ್ವರ ಬಿಡದೆ, ಕಾಲಲ್ಲಿ ನೀಲಿ ಕಲೆ ಕಂಡಾಗ ತುಮಕೂರಿಗೆ ಕರೆದೊಯ್ದವನೂ ಇವನೇ. ರಕ್ತದ ಕ್ಯಾನ್ಸರ್ ಎಂದು ಡಾಕ್ಟರ್ ಹೇಳಿದಾಗ ಕುರ್ಚಿ ಎಳೆದು ಅವಳನ್ನು ಕೂರಿಸಿದವನೂ ಇವನೇ. ಈ ವಯಸ್ಸಿನ ಮಕ್ಕಳು ಬಹಳಷ್ಟು ಜನ ವಾಸಿಯಾಗುತ್ತಾರೆ, ತಡ ಮಾಡದೆ ಸೋಮವಾರ ಸೇರಿಸಿ ಎಂದಿದ್ದರು ಡಾಕ್ಟರ್. ಕೀಮೋ ಕೊಟ್ಟರೆ ಕೂದಲು ಉದುರುತ್ತದೆ ಎಂದೂ ತಿಳಿಸಿದ್ದರು.

ಅತ್ತೆ ಸರಸಮ್ಮ ಪಟ್ಟು ಹಿಡಿದದ್ದು ಅಲ್ಲೇ. ಹುಟ್ಟುಗೂದಲು ಮನೆದೇವರಿಗೆ ಸೇರಬೇಕಾದದ್ದು. ಮಗ ಹೋದ ದುಃಖದಲ್ಲಿ ಮುಡಿ ಕೊಡುವುದು ನಿಂತೇ ಹೋಗಿತ್ತು. ಈಗ ಆ ಕೂದಲು ಆಸ್ಪತ್ರೆಯ ದಿಂಬಿನ ಮೇಲೆ ಉದುರಿದರೆ ಮೊಮ್ಮಗಳು ತಮಗೆ ದಕ್ಕುವುದಿಲ್ಲ ಎಂಬ ಭಯ ಅವರಿಗೆ. ಮುಡಿ ಕೊಡದೆ ಮಗುವನ್ನು ಕಳಿಸುವುದಿಲ್ಲ ಎಂದು ಹೊಸ್ತಿಲಿಗೆ ಅಡ್ಡ ಕೂತುಬಿಟ್ಟರು.

ಜ್ಯೋತಿ ಜಗಳಕ್ಕೆ ಹೋಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು... ಭಾನುವಾರ ಗುಡಿ, ಸೋಮವಾರ ಆಸ್ಪತ್ರೆ ಎಂದು ಒಪ್ಪಿಸಿದಳು. ಆದರೆ ಮುಡಿ ತೆಗೆಸುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಜ್ಯೋತಿಗೆ ಒಡಹುಟ್ಟಿದ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅದಕ್ಕೇ ಪ್ರಸನ್ನನನ್ನು ಕೇಳಿದ್ದು.

'ಮಾವ ಅಂದರೆ ಜೀವನಪೂರ್ತಿ ಜವಾಬ್ದಾರಿ. ಕಾಯಿಲೆ ಮಗುವಿನ ಹೊರೆ ಯಾರಿಗೆ ಬೇಕು? ಇಷ್ಟು ದಿನ ತೋರಿಸಿದ್ದು ಬರೀ ಕನಿಕರ...' ಎಂದುಕೊಂಡಳು ಜ್ಯೋತಿ.

ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು. ಅವನು ಇದಿರು ಬಂದರೂ ತಲೆಯೆತ್ತದೆ ಓಡಾಡಿದಳು.

ಪಾವಗಡದಲ್ಲಿದ್ದ ದೂರದ ಸಂಬಂಧದ ಅಣ್ಣ ಚೇತನ್ ಕುಮಾರ್ ಬರಲು ಒಪ್ಪಿದ. ಭಾನುವಾರ ತಾವರೆಕೆರೆ ಹತ್ತಿರದ ಗುಡಿಯಲ್ಲಿ ಎಲ್ಲ ಸಿದ್ಧವಾದ ಮೇಲೆ ಅವನ ಫೋನ್ ಬಂತು. ಹೆಂಡತಿ ಬಸುರಿಯಂತೆ, ಅಂಥ ಕಾಯಿಲೆಯ ಮಗುವನ್ನು ಮುಟ್ಟುವುದು ಬೇಡ ಎಂದು ಮನೆಯಲ್ಲಿ ತಡೆದರಂತೆ. ಕ್ಯಾನ್ಸರ್ ಅಂಟುರೋಗವಲ್ಲ ಎಂದು ವಿವರಿಸುವ ತಾಳ್ಮೆ ಜ್ಯೋತಿಗೆ ಉಳಿದಿರಲಿಲ್ಲ.

ಸರಸಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ಮಾವನಿಲ್ಲದೆ ಮುಡಿಯಿಲ್ಲ, ಮುಡಿಯಿಲ್ಲದೆ ಆಸ್ಪತ್ರೆಯೂ ಇಲ್ಲ ಎಂದರು.

ಬೇರೆ ದಾರಿ ಕಾಣದೆ ಜ್ಯೋತಿ ಪ್ರಸನ್ನನಿಗೇ ಫೋನ್ ಮಾಡಿದಳು. ನಡೆದದ್ದನ್ನು ಹೇಳಿದಳು, ಬನ್ನಿ ಎನ್ನಲಿಲ್ಲ.

ಅವನು ಬಂದ. ಬೈಕ್ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲೆ ಟವೆಲ್ ಹಾಸಿಕೊಂಡ. ಶರಣ್ಯಾ ತಾನಾಗಿಯೇ ಬಂದು ಕೂತಳು. ಅವಳಿಗೆ ಅದು ಹೊಸ ಜಾಗವೇನಲ್ಲ.

ಅವನ ಕಣ್ಣು ತುಂಬಿದ್ದನ್ನು ಮೊದಲು ಕಂಡವರು ಸರಸಮ್ಮ. ಕತ್ತರಿ ಹಿಡಿದವನನ್ನು ಸನ್ನೆಯಲ್ಲೇ ತಡೆದರು.

"ಮೊನ್ನೆ ಆಗಲ್ಲ ಅಂದ್ಯಂತೆ. ಯಾಕಪ್ಪ? ದೇವ್ರ ಮುಂದೆ ಕುಂತಿದ್ದೀಯ, ನಿಜ ಯೋಳು."

ಪ್ರಸನ್ನ ಮಗುವಿನ ತಲೆ ಸವರಿದ.

"ಈ ಮಗೀಗೆ ಮಾವ ಆದ್ರೆ ಮೇಡಂಗೆ ಅಣ್ಣ ಆಗ್ಬುಡ್ತೀನಲ್ಲಮ್ಮ... ಅದು ನನ್ ಕೈಲಿ ಆಗ್ತಿರ್ಲಿಲ್ಲ. ಈಗ ಬೇರೆ ದಾರಿ ಇಲ್ಲ. ನಾಳೆ ಮಗು ಆಸ್ಪತ್ರೆಗೆ ಹೋಗ್ಬೇಕು. ಅಣ್ಣನೇ ಆಯ್ತೀನಿ, ಕತ್ತರಿ ಹಾಕ್ಸಿ."

ಜ್ಯೋತಿ ಕಂಬ ಹಿಡಿದುಕೊಂಡಳು. ಇವನು ಹೆದರಿದ್ದು ಕಾಯಿಲೆಗಲ್ಲ! ಹಾಗೆ ಅಂದುಕೊಂಡ ತನ್ನ ಬಗ್ಗೆ ನಾಚಿಕೆಯಾಯಿತು. ಈಗ ಗೊತ್ತಾಗಿಯೂ ಅವನನ್ನು ಕಳೆದುಕೊಳ್ಳಬೇಕಲ್ಲ!

ಸರಸಮ್ಮ ಗರ್ಭಗುಡಿಯ ಕಡೆ ನೋಡಿದರು, ಸೊಸೆಯ ಮುಖ ನೋಡಿದರು.

"ಏಳಪ್ಪ ಮ್ಯಾಕೆ."

ಅವನು ಎದ್ದ ಜಾಗದಲ್ಲಿ ತಾವೇ ಕೂತು ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡರು.

"ದೇವ್ರಿಗೆ ಬೇಕಾಗಿರೋದು ಕೂದ್ಲು. ತೊಡೆ ಅಜ್ಜೀದಾದ್ರೆ ಅವ್ನೇನೂ ಮುನಿಸ್ಕೊಳಲ್ಲ. ನನ್ ಮಗನ್ನ ಕರ್ಕೊಂಡ್ಬುಟ್ಟ. ಈ ಮಗೀಗೆ ಅಪ್ಪ ಆಗೋನ್ನ ನಾನೇ ತಪ್ಪಿಸ್ಲಾ?"

ಗಾಯವಾದರೆ ರಕ್ತ ನಿಲ್ಲುವುದಿಲ್ಲ ಎಂದು ಡಾಕ್ಟರ್ ಎಚ್ಚರಿಸಿದ್ದರಿಂದ ಕ್ಷೌರದ ಕತ್ತಿ ತಾಗಿಸಲಿಲ್ಲ. ಕತ್ತರಿಯಲ್ಲೇ ಮುಡಿ ಮುಗಿಯಿತು.

ಪ್ರಸನ್ನ ಬೈಕಿನ ಹತ್ತಿರ ನಿಂತಿದ್ದ. ಜ್ಯೋತಿ ಅಲ್ಲಿಗೇ ಬಂದಳು.

"ನಾನೂ ನಿಮ್ಮನ್ನ ಅಣ್ಣ ಅಂದ್ಕೊಂಡಿರ್ಲಿಲ್ಲ. ಕೇಳೋಕೆ ಬೇರೆ ಯಾರೂ ಇರ್ಲಿಲ್ಲ, ಅಷ್ಟೇ."

ಅವನು ತಲೆಯಾಡಿಸಿದ.

"ಟ್ರೀಟ್‌ಮೆಂಟು ವರ್ಷಗಟ್ಲೆ ನಡೆಯುತ್ತೆ. ಗೊತ್ತಲ್ಲ?" ಎಂದಳು.

"ಗೊತ್ತು."

"ವಾಸಿ ಆಗ್ದೇ ಹೋದ್ರೆ...?"

"ಆಗ್ಲೂ ನಾನು ಅವಳಪ್ಪನೇ, ಜ್ಯೋತಿ."

ಆಸ್ಪತ್ರೆಯಲ್ಲಿ ಅಳದವಳು, ಸ್ಟಾಫ್ ರೂಮಿನಲ್ಲಿ ಅಳದವಳು ಅಲ್ಲಿ ಅತ್ತಳು. ಅವನು ಅಡ್ಡ ನಿಂತು ಜನರ ಕಣ್ಣಿಗೆ ಬೀಳದಂತೆ ಮರೆ ಮಾಡಿದ.

"ನಾಳೆ ಬೆಳಿಗ್ಗೆ ಬೇಗ ಬರ್ತೀನಿ," ಎಂದ.

"ಬನ್ನಿ. ನೀವು ಬರೋವರೆಗೂ ನಾವು ಹೊರಡಲ್ಲ."