ನಲವತ್ತೆರಡು ಖಾತೆಗೆ ಒಂದೇ ನಂಬರ್

"ಪಾಸ್‌ಬುಕ್ ಹಿಡ್ಕೊಂಡು ಸಾಲಲ್ಲಿ ನಿಲ್ಲೋರನ್ನೆಲ್ಲ ಮೊಬೈಲ್ ಆಪ್‌ಗೆ ಸೇರಿಸ್ರಿ. ಮೂರೇ ತಿಂಗಳು ಟೈಮ್ ಐತೆ."

ನ್ಯಾಮತಿಯ ಬ್ಯಾಂಕ್ ಶಾಖೆಗೆ ಹೊಸದಾಗಿ ಬಂದ ಮ್ಯಾನೇಜರ್ ಮಾಲತೇಶ್ ಆಡಿದ ಮೊದಲ ಮಾತೇ ಇದು. ಒಂದು ನಮಸ್ಕಾರವೂ ಇಲ್ಲ! ನಾಲ್ಕು ವರ್ಷದಿಂದ ಅಲ್ಲೇ ಕ್ಲರ್ಕ್ ಆಗಿದ್ದ ಚೈತ್ರಶ್ರೀ ಸಿಟ್ಟಿನಿಂದ ತಲೆಯೆತ್ತಿದಳು.

ಎತ್ತಬಾರದಿತ್ತು... ಆ ಕಣ್ಣುಗಳನ್ನು ನೋಡಿದ ಮೇಲೆ ಸಿಟ್ಟು ಉಳಿಯಲೇ ಇಲ್ಲ.

ಕಂಪ್ಯೂಟರ್, ಆಪ್ ಎಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ. ಜನರೊಡನೆ ಕೂತು ಮಾತಾಡುವುದು ಮಾತ್ರ ಬಾರದು. ಯಾರ ಬಳಿ ಫೋನ್ ಇದೆ, ಯಾರ ಬಳಿ ಇಲ್ಲ ಎಂದು ಪುಣ್ಯಾತ್ಮ ಒಮ್ಮೆಯೂ ಕೇಳಲಿಲ್ಲ. ಜಿಲ್ಲೆಯಲ್ಲೇ ಕೊನೆಯ ಸ್ಥಾನದಲ್ಲಿದ್ದ ಶಾಖೆ ಮೇಲೆ ಬಂದರೆ ಅವನಿಗೆ ಸಾಕಿತ್ತು.

ಅವನ ಬಾಯಿಂದ ಒಂದು ಶಹಬ್ಬಾಸ್ ಕೇಳುವ ಆಸೆ ಅವಳಿಗೆ. ಆದರೆ ಪಾಸ್‌ಬುಕ್ ಹಿಡಿದು ಬಂದ ಸವಳಂಗದ ಹುಲಿಗೆಮ್ಮನ ಬಳಿ ಫೋನೇ ಇರಲಿಲ್ಲ.

"ನಿನ್ನ ನಂಬರೇ ಹಾಕವ್ವ. ನೀನೇನು ಬ್ಯಾರೆಯವಳಾ?" ಅಂದಳು ಮುದುಕಿ.

ಚೈತ್ರಶ್ರೀ ಹಾಕಿದಳು. ಆಮೇಲೆ ಹುಲಿಗೆಮ್ಮನ ಓಣಿಯ ಹೆಂಗಸರೆಲ್ಲ ಬಂದರು. ಒಟ್ಟು ನಲವತ್ತೆರಡು ಖಾತೆ!

ಶಾಖೆ ಜಿಲ್ಲೆಗೇ ಮೊದಲಾಯಿತು. ಮಾಲತೇಶ್ ತಾನೇ ಚಹಾ ತಂದು ಅವಳ ಮುಂದಿಟ್ಟು, ಇದೆಲ್ಲ ನಿಮ್ಮಿಂದಲೇ ಎಂದ. ಹೇಳಿಬಿಡಲೇ... ಎಂದುಕೊಂಡಳು. ಅವನ ನಗು ಕಂಡು ಬಾಯಿ ಬರಲಿಲ್ಲ.

ಮರುವಾರ ತಪಾಸಣೆಯವರು ಹಿಡಿದರು. ಗ್ರಾಹಕರ ಒಟಿಪಿಯೆಲ್ಲ ಸಿಬ್ಬಂದಿಯ ಫೋನಿಗೆ ಬರುವುದೆಂದರೆ ಕೆಲಸವೇ ಹೋಗುವಂಥ ತಪ್ಪು.

"ನಂಗೊಂದು ಮಾತು ಯಾಕೆ ಹೇಳ್ಲಿಲ್ಲ?" ಮಾಲತೇಶ್ ಕೇಳಿದ್ದು ಅಷ್ಟೇ. ಬಾಗಿಲು ಹಾಕಿಕೊಂಡು ಮೇಲಿನವರಿಗೆ ವರದಿ ಬರೆಯಲು ಕೂತ.

ನನ್ನನ್ನು ಹಿಡಿದುಕೊಟ್ಟುಬಿಟ್ಟ... ಅವಳ ಎದೆ ಒಡೆಯಿತು. ಹತ್ತು ದಿನ ಒಂದೇ ಸೂರಿನಡಿ ಮಾತಿಲ್ಲ, ಕಥೆಯಿಲ್ಲ. ಅವನನ್ನು ದ್ವೇಷಿಸಲೂ ಅವಳಿಂದಾಗಲಿಲ್ಲ.

ಹನ್ನೊಂದನೆಯ ದಿನ ಆದೇಶ ಬಂತು. ಅವಳಿಗೆ ಬರೀ ಎಚ್ಚರಿಕೆ. ಅವನ ಬಡ್ತಿಗೆ ತಡೆ, ಜಗಳೂರಿಗೆ ವರ್ಗ! ಅಟೆಂಡರ್ ಗಾದ್ರಪ್ಪ ವರದಿಯ ಪ್ರತಿಯನ್ನು ಸದ್ದಿಲ್ಲದೆ ಅವಳ ಕೈಗಿತ್ತ. ಗುರಿ ಕೊಟ್ಟವನು ನಾನು, ಜನರ ಬಳಿ ಫೋನ್ ಇದೆಯೇ ಎಂದು ಕೇಳದವನೂ ನಾನು, ಹೊಣೆ ನನ್ನದೇ ಎಂದು ಮಾಲತೇಶ್ ಬರೆದಿದ್ದ.

ಉರಿಬಿಸಿಲಲ್ಲಿ ಬಸ್ ನಿಲ್ದಾಣಕ್ಕೆ ಓಡಿದಳು. ಜಗಳೂರಿನ ಕಡೆ ಹೋಗಲು ಹೊನ್ನಾಳಿ ಬಸ್ಸಿಗೆ ಕಾಯುತ್ತ ಅವನು ಒಬ್ಬನೇ ಕೂತಿದ್ದ.

"ತಪ್ಪು ನಂದು ಅಂತ ನಾನೇ ಬರೆದು ಕಳಿಸ್ತೀನ್ರಿ..."

"ಬ್ಯಾಡ. ಬರೆದ್ರೆ ನಿಮ್ಮ ಕೆಲ್ಸಾನೂ ಹೋಗ್ತೈತೆ, ನನ್ ವರ್ಗಾನೂ ನಿಲ್ಲಲ್ಲ."

ನಿಜವೇ. ಏನೂ ಮಾಡುವಂತಿರಲಿಲ್ಲ. ಬಸ್ಸು ಬಂದು ನಿಂತಿತು.

"ನಿಮ್ಮನ್ನ ನೋಡ್ದೆ ನಾನು ಹೆಂಗಿರ್ಲಿ?" ಕೇಳಿಯೇಬಿಟ್ಟಳು.

ಬ್ಯಾಗ್ ಎತ್ತಿಕೊಂಡಿದ್ದ ಅವನು ಅದನ್ನು ಕೆಳಗಿಟ್ಟ. "ನಂಗೂ ಆಗಲ್ಲ. ಭಾನುವಾರ ಮನೆಗೆ ಬರ್ತೀನಿ, ನಿಮ್ಮಪ್ಪಾರನ್ನ ಕೇಳಾಕೆ."

"ಅಪ್ಪ ಅಷ್ಟು ಬೇಗ ಒಪ್ಪಲ್ಲ ರೀ..." ಅವಳ ಕಣ್ಣು ತುಂಬಿತು.

"ಒಪ್ಪೋವರ್ಗೂ ಪ್ರತಿ ಭಾನುವಾರ ಬರ್ತೀನಿ."