ಗಾಜಿನ ಮೇಲಿನ ವಿಭೂತಿ

"ನೋಡ್ರೀ, ನಿಮ್ಮ ಅಂಗಡಿ ಮಾಲಿಂದ ಇವತ್ತು ನಾನು ಸಾಯ್ತಿದ್ದೆ!"

ಮೊಬೈಲ್ ಹೋಲ್ಡರ್ ಧಪ್ಪೆಂದು ಕೌಂಟರ್ ಮೇಲೆ ಬಿತ್ತು. ಯಲಹಂಕದಲ್ಲಿ ಅಪ್ಪನ ಕಾರ್ ಸಾಮಾನಿನ ಅಂಗಡಿ ನೋಡಿಕೊಳ್ಳುತ್ತಿದ್ದ ಮಾಲಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಒಬ್ಬ ಕ್ಯಾಬ್ ಚಾಲಕ. ಅವನ ಕಣ್ಣಿನಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

"ಹೆಬ್ಬಾಳ ಫ್ಲೈಓವರ್ ಮೇಲೆ ಫೋನ್ ಸಮೇತ ಕಾಲ್ ಹತ್ರ ಬಿತ್ತು. ಬ್ರೇಕೇ ಸಿಗ್ಲಿಲ್ಲ!"

ಮಾಲಾ ಗಾಜಿಗೆ ಅಂಟುವ ರಬ್ಬರ್ ಬಟ್ಟಲನ್ನು ತಿರುಗಿಸಿ ನೋಡಿದಳು. "ಬಿಸಿಲಿಗೆ ಬಿರುಸಾಗಿದೆ ಅಷ್ಟೆ. ಕೂತ್ಕೊಳ್ಳಿ."

ಸೋಪು ಹಾಕಿ ತೊಳೆದು ಬಿಸಿನೀರಿಗೆ ಬಿಟ್ಟಳು. ಮುರುಟಿದ ಅಂಚು ಮೆಲ್ಲಗೆ ಮೆತ್ತಗಾಯಿತು. ನೆರಳಿನಲ್ಲಿ ಒಣಗಿಸಿ ಅವನ ಕೈಗಿಟ್ಟಳು.

"ಗಾಜು ಒರೆಸಿ, ಗಟ್ಟಿಯಾಗಿ ಒತ್ತಿ. ಸ್ವಲ್ಪ ಹೊತ್ತು ಫೋನ್ ಇಡ್ಬೇಡಿ."

"ಅಲ್ಲೀವರ್ಗೂ ದಾರಿ ನೀವು ತೋರಿಸ್ತೀರಾ?"

"ತೋರಿಸ್ತೀನಿ, ಬಾಗಿಲು ಆ ಕಡೆ!"

ಅವನು ನಕ್ಕುಬಿಟ್ಟ. ಹೆಸರು ಜಗನ್.

ಮುಂದಿನ ವಾರ ಮತ್ತೆ ಬಂದ. ಹೋಲ್ಡರ್ ಮತ್ತೆ ಬಿದ್ದಿತ್ತು. ಆಮೇಲೆ ಇನ್ನೊಮ್ಮೆ... ರಬ್ಬರ್ ಒಣಗುವವರೆಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಒಮ್ಮೊಮ್ಮೆ ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಆ ಮೌನವೇ ಮಾಲಾಗೆ ಅಭ್ಯಾಸವಾಗತೊಡಗಿತು.

ಆದರೆ ಭಯವೂ ಬೆಳೆಯಿತು. 'ಮುಂದಿನ ಸಲ ಮತ್ತೆ ಫ್ಲೈಓವರ್ ಮೇಲೇ ಬಿದ್ದರೆ? ನನ್ನ ಕೈಕೆಲಸ ನಂಬಿ ಹೋದವನಿಗೆ ಏನಾದರೂ ಆದರೆ?'

ಒಂದು ಬೆಳಿಗ್ಗೆ ಅವನು ಟೀ ತರಲು ಹೋದಾಗ ಅವಳೇ ಕಾರಿನ ಹತ್ತಿರ ನಡೆದಳು. ಹೋಲ್ಡರ್ ಕೂರುವ ಜಾಗದಲ್ಲಿ, ಗಾಜಿನ ಒಳಗಡೆ ಬೂದುಬಣ್ಣದ ತೆಳು ಪದರ. ಅಯ್ಯೋ, ಇದಾ ಕಾರಣ! ಒದ್ದೆ ಬಟ್ಟೆಯಿಂದ ಉಜ್ಜಿ ಒರೆಸಿದಳು.

"ಏನ್ ಮಾಡಿದ್ರಿ?"

ಹಿಂದೆ ಜಗನ್ ನಿಂತಿದ್ದ. ಮುಖ ಬಿಳಿಚಿತ್ತು.

"ಧೂಳಿತ್ತು..."

"ಅದು ಅವ್ವ ಇಟ್ಟ ವಿಭೂತಿ. ಅಪ್ಪ ಲಾರಿ ಆಕ್ಸಿಡೆಂಟಲ್ಲಿ ಹೋದ್ಮೇಲೆ ದಿನಾ ಅದನ್ನ ಇಡ್ದೆ ನನ್ನನ್ನ ಕಳ್ಸಲ್ಲ."

ಜಗನ್ ಕಾರು ಹತ್ತಿದ. ಹೋಲ್ಡರನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಮಧ್ಯಾಹ್ನ ಪಕ್ಕದ ಪಂಕ್ಚರ್ ಅಂಗಡಿಯ ವಾಜಿದ್ ಬಂದು ಹೇಳಿದ, "ಅಕ್ಕಾ, ಹೆಬ್ಬಾಳದಲ್ಲಿ ಯಾವ್ದೋ ಬಿಳಿ ಕ್ಯಾಬ್ ಪಲ್ಟಿಯಂತೆ!"

ಮಾಲಾ ಎದ್ದು ನಿಂತಳು. ಊರಿನ ಕ್ಯಾಬೆಲ್ಲ ಬಿಳಿಯವೇ... ಆದರೂ! ಜಗನ್‌ಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್.

'ವಿಭೂತಿ ಕಾಯುತ್ತದೆ ಅನ್ನುವ ನಂಬಿಕೆ ನನ್ನದಲ್ಲ, ಸರಿ. ಆದರೆ ಒರೆಸಿದ ಕೈ ನನ್ನದೇ ಅಲ್ಲವೇ?'

ಅಂಗಡಿಯನ್ನು ವಾಜಿದ್‌ಗೆ ಒಪ್ಪಿಸಿ ಆಟೋ ಹತ್ತಿದಳು. ಪುಟ್ಟೇನಹಳ್ಳಿ ಕೆರೆಯ ಪಕ್ಕ ಮನೆಯೆಂದು ಅವನು ಹೇಳಿದ್ದ. ಕೇಳಿಕೊಂಡು ಹೋದಾಗ ಅವನ ತಾಯಿ ಯಲ್ಲಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಅಮ್ಮಾ... ಜಗನ್ ಫೋನ್ ಮಾಡಿದ್ರಾ?"

"ಇಲ್ಲ ಕಣವ್ವ. ಯಾಕ್ ಇಂಗೆ ಓಡ್ಕೊಂಡ್ ಬಂದಿದೀಯ?"

"ನೀವು ಗಾಜಿಗಿಟ್ಟ ವಿಭೂತೀನ ನಾನು... ಫೋನ್ ಹೋಲ್ಡರ್ ಅಂಟ್ಲಿ ಅಂತ ಗೊತ್ತಿಲ್ದೆ ಒರೆಸ್ಬಿಟ್ಟೆ."

ಯಲ್ಲಮ್ಮನ ಕೈ ನಿಂತಿತು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಅವರು ಸೊಪ್ಪನ್ನು ಬದಿಗಿಟ್ಟು ರಸ್ತೆಯ ಕಡೆ ನೋಡತೊಡಗಿದರು. ಮಾಲಾ ಕೂಡ ಅತ್ತಲೇ ನೋಡಿದಳು.

ಎಷ್ಟೋ ಹೊತ್ತಿನ ಮೇಲೆ ತಿರುವಿನಲ್ಲಿ ಬಿಳಿ ಕಾರು ಕಾಣಿಸಿತು. ಜಗನ್ ಇಳಿದ. ಮಾಲಾ ಅಲ್ಲೇ ಕುಸಿದು ಅಳತೊಡಗಿದಳು.

"ಡ್ಯಾಶ್‌ಬೋರ್ಡಿಂದ ಫೋನ್ ಜಾರಿ ಒಡೆದೋಯ್ತು... ನೀವ್ ಯಾಕೆ ಇಲ್ಲಿ?"

"ನಿನ್ನ ಗ್ಯಾನದಲ್ಲೇ ಬಂದವಳೆ, ಕಾಣಾಕಿಲ್ವಾ?" ಯಲ್ಲಮ್ಮ ಕಣ್ಣೊರೆಸಿಕೊಂಡರು. "ಈಬೂತಿ ಮೇಲೆ ಫೋನ್ ಇಡೋದು ಅಂಟಲ್ಲ ಅಂತ ಒಂದ್ ಮಾತು ಯೋಳಿದ್ರೆ ಬ್ಯಾರೆ ಕಡೆ ಇಡ್ತಿರ್ನಿಲ್ವೇನ್ಲಾ?" ಎನ್ನುತ್ತ ಒಳಗೆ ಹೋದರು.

ಮಾಲಾ ತಲೆಯೆತ್ತಿದಳು. "ನಿಮ್ಗೆ ಗೊತ್ತಿತ್ತಾ?"

"ಎರಡ್ನೇ ಸಲಾನೇ ಗೊತ್ತಾಯ್ತು."

"ಮತ್ತೆ?"

"ಅದು ಸರಿಹೋದ್ರೆ ನಿಮ್ಮಂಗ್ಡೀಲಿ ನಂಗೇನ್ ಕೆಲ್ಸ? ಬೆಳಿಗ್ಗೆ ನೀವು ಒರೆಸಿದಾಗ ಎಲ್ಲಾ ಮುಗೀತು ಅನ್ನಿಸ್ತು... ಅದಕ್ಕೇ ಹೊರಟ್ಬಿಟ್ಟೆ."

"ಅದಕ್ಕೆ ಪ್ರಾಣ ಪಣಕ್ಕಿಡ್ತಾರಾ? ನಿಮಗೇನಾದ್ರೂ ಆಗಿದ್ರೆ ನಾನು..."

"ನೀವು?"

ಅವಳು ಮುಖ ಒರೆಸಿಕೊಂಡಳು. "ಇನ್ಮೇಲೆ ಕೆಲಸ ಇಟ್ಕೊಂಡು ನಮ್ಮ ಅಂಗಡಿಗೆ ಬರ್ಬೇಡಿ."

ಅವನ ಮುಖ ಸಪ್ಪಗಾಯಿತು.

"ಸುಮ್ನೆ ಬನ್ನಿ," ಅಂದಳು ಮಾಲಾ. "ದಿನಾ."